ನಲವತ್ತು ಸಾಲಿನ ಪ್ಲಗಿನ್, ಮುನ್ನೂರು ಮುರಿದ ಲಿಂಕ್

ಬ್ಲಾಗ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಶೀರ್ಷಿಕೆ ಇಟ್ಟು ಬರೆಯುವವರಿಗೆ ಈ ಗೋಳು ಗೊತ್ತೇ ಇದೆ. ಲಿಂಕ್ ಅಂಟಿಸಿದರೆ ಶೇಕಡಾ ಚಿಹ್ನೆಗಳ ಜಾತ್ರೆ, ಅದೂ ಅರ್ಧಕ್ಕೇ ಕಟ್. ಸ್ಲಗ್‌ಗೆ, ಅಂದರೆ ಶೀರ್ಷಿಕೆಯಿಂದ ಹುಟ್ಟುವ ಲಿಂಕಿನ ಕೊನೆಯ ತುಂಡಿಗೆ, ಇರುವುದು 200 ಅಕ್ಷರದ ಜಾಗ. ಕನ್ನಡದ ಒಂದೊಂದು ಚಿಹ್ನೆ ಎನ್‌ಕೋಡ್ ಆಗಿ, ಅಂದರೆ ಆ ಶೇಕಡಾ ಸಂಕೇತಕ್ಕೆ ತಿರುಗಿ, 9 ಜಾಗ ನುಂಗುತ್ತದೆ. ಮೂರು ಚಿಹ್ನೆ ಸೇರಿದ ‘ಕ್ಷ’ ಒಂದಕ್ಕೇ 27! ಇಪ್ಪತ್ತೆರಡು ಚಿಹ್ನೆಗೆ ಕಥೆ ಮುಗಿಯಿತು.

ಮೊದಲು ದುಡ್ಡು ಕೊಟ್ಟೇ ನೋಡಿದೆ. ಒಂದು ದೊಡ್ಡ ಪ್ಲಗಿನ್‌ಗೆ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಕೋಡ್) ಎರಡು ವರ್ಷ ಚಂದಾ ಕಟ್ಟಿದೆ. ಹೆಚ್ಚುಕಮ್ಮಿ ಹೋಸ್ಟಿಂಗ್ ಬಾಡಿಗೆಯಷ್ಟೇ ಆಯಿತು. ಅದರಲ್ಲಿ ನನಗೆ ಬೇಕಾಗಿದ್ದು ಸ್ಲಗ್ ಅನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವ ಒಂದೇ ಒಂದು ಟಿಕ್ ಬಾಕ್ಸ್, ಅದೂ ಕನ್ನಡಕ್ಕೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅಷ್ಟಕ್ಕೇ ಒಂದು ಪುಟ್ಟ ಪ್ಲಗಿನ್ ನಾನೇ ಬರೆಯುತ್ತೇನೆ ಅಂದಾಗ ಗೆಳೆಯ ನಕ್ಕ. “ರೆಡಿಮೇಡ್ ರಾಶಿ ರಾಶಿ ಇವೆ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯ?” ಅಂದ.

ಮೊದಲ ಭಾನುವಾರ ಪೂರ್ತಿ ದಂಡ. ಶೀರ್ಷಿಕೆಯನ್ನು ಸ್ಲಗ್ ಮಾಡುವ ‘ಸ್ಯಾನಿಟೈಸ್ ಟೈಟಲ್’ ಫಿಲ್ಟರ್‌ಗೆ ನನ್ನ ಫಂಕ್ಷನ್ (ಕೋಡ್ ತುಣುಕು) ಸಿಕ್ಕಿಸಿದೆ, ಏನೂ ಬದಲಾಗಲಿಲ್ಲ. ಪ್ರಯಾರಿಟಿ, ಅಂದರೆ ಓಡುವ ಸರದಿ, ಡಿಫಾಲ್ಟ್ 10 ಇತ್ತು. ವರ್ಡ್‌ಪ್ರೆಸ್‌ನ ಫಂಕ್ಷನ್ ಕೂಡ 10ರಲ್ಲೇ ಕೂತಿದೆ, ನನಗಿಂತ ಮೊದಲು ಓಡುತ್ತದೆ. ನನ್ನ ಕೈಗೆ ಬರುವ ಹೊತ್ತಿಗೆ ಒಂದು ಕನ್ನಡ ಅಕ್ಷರವೂ ಉಳಿದಿರಲಿಲ್ಲ. 9 ಮಾಡಿ ಸರದಿ ಮುಂದಕ್ಕೆ ತಂದೆ, ಬಂತು.

ಬಂದದ್ದೂ ಸೊಟ್ಟಗೆ. ‘ಮಳೆ’ ಅಂತ ಕೊಟ್ಟರೆ ‘ಮಳಎ’ ಅಂತ ಓದುವ ಹಾಗೆ ಇಂಗ್ಲಿಷ್ ಅಕ್ಷರದ ಸ್ಲಗ್. ವ್ಯಂಜನದೊಳಗೇ ‘ಅ’ ಇರುತ್ತದಲ್ವಾ, ಮುಂದಿನ ಚಿಹ್ನೆ ನೋಡಿಯೇ ಅದನ್ನು ಇಡಬೇಕೋ ಬಿಡಬೇಕೋ ಹೇಳಬೇಕು. ಅನುಸ್ವಾರವನ್ನು ಹೇಗೆ ಪಳಗಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ದೊಡ್ಡ ಎಡವಟ್ಟು ಆಮೇಲಿನದು. ಹಳೆಯ ಮುನ್ನೂರು ಚಿಲ್ಲರೆ ಬರಹಗಳ ಸ್ಲಗ್‌ಗಳನ್ನು ಆತುರದಲ್ಲಿ ನೇರ ಡೇಟಾಬೇಸ್‌ನಲ್ಲೇ ಬದಲಾಯಿಸಿಬಿಟ್ಟೆ. ವರ್ಡ್‌ಪ್ರೆಸ್‌ಗೆ ಸುದ್ದಿಯೇ ಇಲ್ಲ. ಹಾಗಾಗಿ ಹಳೆಯ ಸ್ಲಗ್ ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುವ ಕೆಲಸವೂ ಆಗಲಿಲ್ಲ. ಲಿಂಕೆಲ್ಲ 404, ಅಂದರೆ ‘ಪುಟ ಸಿಗಲಿಲ್ಲ’. ಓದುಗರು ಅರ್ಧಕ್ಕರ್ಧ ಇಳಿದರು. ಪುಣ್ಯಕ್ಕೆ ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ವಾಪಸ್ ಹಾಕಿ, ಈ ಸಲ ವರ್ಡ್‌ಪ್ರೆಸ್‌ನದೇ ಅಪ್‌ಡೇಟ್ ಪೋಸ್ಟ್ ಫಂಕ್ಷನ್ ಮೂಲಕವೇ ಇಪ್ಪತ್ತಿಪ್ಪತ್ತರಂತೆ ಓಡಿಸಿದೆ. ಹಳೆಯ ಲಿಂಕ್ ಒತ್ತಿದರೂ ಈಗ ಹೊಸ ವಿಳಾಸಕ್ಕೆ ಹೋಗುತ್ತದೆ.

ಆ ಹುರುಪಿನಲ್ಲಿ ‘ಓದಲು ಎಷ್ಟು ನಿಮಿಷ’ ಅಂತ ಇನ್ನೊಂದು ಬರೆದೆ. ಇದನ್ನೆಲ್ಲ ಬರೆಯುವ ಭಾಷೆ ಪಿಎಚ್‌ಪಿ. ಅದರ ಪದ ಎಣಿಸುವ ಫಂಕ್ಷನ್‌ಗೆ ಕನ್ನಡ ಪದವೇ ಅಲ್ಲ, ಖಾಲಿ ಜಾಗದಲ್ಲಿ ಒಡೆದು ಎಣಿಸಿದೆ. ಇಂಗ್ಲಿಷಿನ ಲೆಕ್ಕದಂತೆ ನಿಮಿಷಕ್ಕೆ 200 ಪದ ಹಿಡಿದರೆ ಸುಳ್ಳಾಗುತ್ತದೆ, ನಮ್ಮ ಪದಗಳು ಉದ್ದ. ಗಡಿಯಾರ ಇಟ್ಟುಕೊಂಡು ಓದಿದೆ, ನನ್ನದು ಸುಮಾರು 120.

ದೊಡ್ಡ ಪ್ಲಗಿನ್‌ನ ಚಂದಾ ಈ ವರ್ಷ ಕಟ್ಟಲಿಲ್ಲ. ನಕ್ಕಿದ್ದ ಗೆಳೆಯ ಮೊನ್ನೆ ಫೈಲ್ ಕೇಳಿದ. ಕೊಟ್ಟೆ, ಅನುಸ್ವಾರದ ಸಾಲು ತೆಗೆದು.