ಸಾಫ್ಟ್‌ವೇರ್ ಸಿಂಥ್: ಎಷ್ಟು ದಿನ ಬಾಡಿಗೆಗೆ, ಯಾವಾಗ ಸ್ವಂತಕ್ಕೆ

ಹಳೆಯ ಸಿಂಥಸೈಜರ್‌ಗಳ (ಸಿಂಥ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಸಾಫ್ಟ್‌ವೇರ್ ರೂಪಗಳನ್ನು ತಿಂಗಳ ಚಂದಾ ಕಟ್ಟಿ ಬಳಸಬೇಕಾ, ಇಲ್ಲಾ ಒಂದೇ ಸಲ ದುಡ್ಡು ಕೊಟ್ಟು ತಗೊಂಡುಬಿಡಬೇಕಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇಷ್ಟೇ. ಎರಡು ವರ್ಷದ ಹಿಂದಿನ ಪ್ರಾಜೆಕ್ಟ್ ಫೈಲನ್ನು, ಅಂದರೆ ಹಾಡಿನ ಎಲ್ಲ ಭಾಗಗಳೂ ಬಿಡಿಬಿಡಿಯಾಗಿ ಇರುವ ಫೈಲನ್ನು, ಮತ್ತೆ ತೆರೆಯುವ ಪ್ರಸಂಗ ನಿಮಗೆ ಬರುತ್ತಾ? ಬರುತ್ತೆ ಅಂದರೆ ಲೆಕ್ಕ ಒಂದು ಥರ. ಮುಗಿದ ಹಾಡು ಮುಗಿಯಿತು, ಮತ್ತೆ ಆ ಕಡೆ ತಿರುಗಿ ನೋಡಲ್ಲ ಅಂದರೆ ಲೆಕ್ಕವೇ ಬೇರೆ. ದುಡ್ಡಿನ ಮಾತು ಆಮೇಲೆ.

ನಾನು ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಉಳಿದ ಹೊತ್ತಲ್ಲಿ ನನ್ನದೇ ಟ್ರ್ಯಾಕ್‌ಗಳು. ಚಂದಾ, ಖರೀದಿ ಎರಡೂ ಮಾಡಿದ್ದೇನೆ. ಈಗ ಕೈಗೆ ಚೆನ್ನಾಗಿ ಒಗ್ಗಿದ ಒಂದೆರಡು ಸಿಂಥ್ ಸ್ವಂತದ್ದು, ಜೊತೆಗೆ ಒಂದು ಚಂದಾ ಬೇಕಾದಾಗ ಶುರು ಮಾಡಿ ಬೇಡವಾದಾಗ ನಿಲ್ಲಿಸುತ್ತೇನೆ.

ಶುರುವಿನಲ್ಲಿ ಚಂದಾ ತಗೊಂಡಿದ್ದಕ್ಕೆ ಕಾರಣ ಇತ್ತು. ಆಗ ನನಗೆ ಹೆಸರುಗಳು ಗೊತ್ತಿದ್ದವು, ದನಿ ಗೊತ್ತಿರಲಿಲ್ಲ. 1970ರ ಮಿನಿಮೂಗ್, 1978ರ ಪ್ರಾಫೆಟ್-5, 1981ರ ಜುಪಿಟರ್-8, 1984ರ ಜೂನೋ-106 ಅಂತ ಓದಿಕೊಂಡಿದ್ದೆ, ಅಷ್ಟೇ. ಯಾವುದು ನನ್ನ ಸಂಗೀತಕ್ಕೆ ಕೂರುತ್ತದೆ ಅಂತ ಓದಿ ತಿಳಿಯುವುದು ಸಾಧ್ಯವಿಲ್ಲ, ನುಡಿಸಿಯೇ ನೋಡಬೇಕು. ರೋಲಂಡ್ ಕ್ಲೌಡ್‌ನಂಥ ಚಂದಾದಲ್ಲಿ ಒಂದೇ ಕಂಪನಿಯ ಜುಪಿಟರ್, ಜೂನೋ, ಟಿಬಿ-303, ಡಿ-50 ಎಲ್ಲ ಒಟ್ಟಿಗೆ ಸಿಗುತ್ತವೆ. ಒಂದೊಂದನ್ನೇ ಖರೀದಿಸಿ ಇಷ್ಟೆಲ್ಲ ಕೇಳಬೇಕು ಅಂದರೆ ಆಗುವ ಮಾತಲ್ಲ.

ಆದರೆ ರಾಶಿ ಹಾಕಿಕೊಂಡು ಕೂತರೆ ಏನೂ ಕಲಿಯಲ್ಲ. ಮೊದಲೇ ಮಾಡಿಟ್ಟ ದನಿಗಳನ್ನು, ಪ್ರೀಸೆಟ್ ಮೇಲೆ ಪ್ರೀಸೆಟ್ ತಿರುಗಿಸುತ್ತಾ ಸಂಜೆ ಕಳೆದುಹೋಗುತ್ತದೆ. ಅದಕ್ಕೆ ನಾನು ಒಂದು ಸಲಕ್ಕೆ ಒಂದೇ ಸಿಂಥ್ ಇಟ್ಟುಕೊಂಡೆ. ಪ್ರೀಸೆಟ್ ಪಟ್ಟಿ ಮುಚ್ಚಿ, ಖಾಲಿ ಪ್ಯಾಚ್‌ನಿಂದ, ಅಂದರೆ ಏನೂ ಹೊಂದಿಸದ ದನಿಯಿಂದ, ಶುರು. ಆ ಸಿಂಥ್‌ನಲ್ಲಿ ಬೇಸ್ (ತಳದ ದನಿ), ಪ್ಯಾಡ್ (ಹಿಂದೆ ಹರಡಿ ನಿಲ್ಲುವ ಉದ್ದದ ದನಿ), ಲೀಡ್ (ಮುಂದೆ ನಿಂತು ರಾಗ ನುಡಿಸುವ ದನಿ) ಮೂರನ್ನೂ ನಾನೇ ಕಟ್ಟಿ, ಅವನ್ನು ಒಂದು ಸಣ್ಣ ಟ್ರ್ಯಾಕ್‌ನಲ್ಲಿ ಬಳಸಿದ ಮೇಲೆಯೇ ಮುಂದಿನದಕ್ಕೆ.

ಹೀಗೆ ಮಾಡಿದಾಗ ಜೂನೋ ನನಗೆ ಅರ್ಥವಾಯಿತು. ನೋಡೋಕೆ ಏನೂ ಇಲ್ಲ, ಒಂದು ಸ್ವರಕ್ಕೆ ಒಂದೇ ಆಸಿಲೇಟರ್ (ದನಿ ಹುಟ್ಟಿಸುವ ಭಾಗ), ಒಂದೇ ಎನ್ವಲಪ್ (ದನಿ ಏರಿ ಇಳಿಯುವ ರೀತಿ ಹೊಂದಿಸುವ ಭಾಗ), ಒಟ್ಟಿಗೆ ಆರು ಸ್ವರ. ಗುಟ್ಟು ಇರುವುದು ಎರಡು ಕಡೆ. ಒಂದು, ದನಿಯನ್ನು ದಪ್ಪ ಮಾಡಿ ಹರಡುವ ಕೋರಸ್. ಎರಡನೆಯದು ತಳದ ದನಿ ಕತ್ತರಿಸುವ ಹೈಪಾಸ್ ಫಿಲ್ಟರ್‌ನ ಆ ಪುಟ್ಟ ಸ್ಲೈಡರ್. ಅದಕ್ಕೆ ನಾಲ್ಕೇ ನಿಲ್ದಾಣ. ಜೂನೋ-106ರಲ್ಲಿ ಸೊನ್ನೆಗೆ ಇಟ್ಟರೆ ತಳದ ದನಿ ಉಬ್ಬುತ್ತದೆ, ಒಂದರಲ್ಲಿ ಇದ್ದಹಾಗೇ ಇರುತ್ತದೆ, ಎರಡು ಮೂರರಲ್ಲಿ ಕೆಳಗಿನದು ತೆಳ್ಳಗಾಗುತ್ತಾ ಹೋಗುತ್ತದೆ. ಮಾತಿನ ಕೆಳಗೆ ಪ್ಯಾಡ್ ಹಾಕುವವರಿಗೆ ಇದು ವರವೇ ಸರಿ. ಸ್ಲೈಡರ್ ಮೂರಕ್ಕೆ ಏರಿಸಿ ಕೋರಸ್ ಒಂದನೆಯ ಬಟನ್ ಒತ್ತಿದರೆ ಪ್ಯಾಡ್ ಪಾತ್ರದ ಮಾತಿಗೆ ಅಡ್ಡ ಬರದೆ ಹಿಂದೆ ನಿಲ್ಲುತ್ತದೆ, ದನಿಯ ಮೇಲು ಕೆಳಗು ಸರಿಮಾಡುವ ಈಕ್ಯೂವನ್ನು ಪ್ರತ್ಯೇಕವಾಗಿ ಮುಟ್ಟುವುದೇ ಬೇಕಾಗಲ್ಲ. ಜೂನೋದ ಇನ್ನೊಂದು ಮಾದರಿ ಜೂನೋ-60ಯಲ್ಲಾದರೆ ಕೋರಸ್‌ನ ಎರಡೂ ಬಟನ್ ಒಟ್ಟಿಗೆ ಒತ್ತಬಹುದು, ಆಗ ಬೇಗಬೇಗ ನಡುಗುವ ಇನ್ನೊಂದೇ ದನಿ ಬರುತ್ತದೆ. ಅದರಲ್ಲಿ ಹಿಡಿದ ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸುವ ಆರ್ಪೆಜಿಯೇಟರ್ ಕೂಡ ಇದೆ, 106ರಲ್ಲಿ ಇಲ್ಲ. ಇಂಥ ವಿವರ ಗೊತ್ತಾದ ಮೇಲೆ "ಜೂನೋ ಬೇಕು" ಅನ್ನುವುದು ಹೋಗಿ "60 ಬೇಕು" ಅನ್ನುವ ಖಚಿತ ಮಾತು ಬಂತು. ಖರೀದಿಗೆ ಮುಂಚೆ ಇದು ಬರಬೇಕು. ಬರದಿದ್ದರೆ ಇನ್ನೂ ಬಾಡಿಗೆಯಲ್ಲೇ ಇರಿ.

ಸ್ವಲ್ಪ ಕಾಲ ಆದಮೇಲೆ ಇನ್ನೊಂದು ಕೆಲಸ ಮಾಡಿದೆ. ಮುಗಿಸಿ ಕೊಟ್ಟ ಪ್ರಾಜೆಕ್ಟ್‌ಗಳನ್ನೆಲ್ಲ ಒಂದೊಂದಾಗಿ ತೆರೆದು, ಕೊನೆಯ ಮಿಕ್ಸ್‌ನಲ್ಲಿ ನಿಜವಾಗಿ ಕೇಳಿಸುವ ಸಿಂಥ್ ಯಾವುದು ಅಂತ ಒಂದು ಹಾಳೆಯಲ್ಲಿ ಬರೆದೆ. ಪ್ರಾಜೆಕ್ಟ್‌ನಲ್ಲಿ ಇರುವುದು ಬೇರೆ, ಮಿಕ್ಸ್‌ನಲ್ಲಿ ಉಳಿದಿರುವುದು ಬೇರೆ, ಅಲ್ವಾ? ಮ್ಯೂಟ್ ಮಾಡಿದ ಟ್ರ್ಯಾಕ್‌ಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಷ್ಟೊಂದು ಇದ್ದರೂ ಮತ್ತೆ ಮತ್ತೆ ಬಂದ ಹೆಸರು ಬೆರಳೆಣಿಕೆಯಷ್ಟೇ. ಆ ಹಾಳೆಯೇ ನನ್ನ ಖರೀದಿ ಪಟ್ಟಿ ಆಯಿತು.

ಈಗ ಹಳೆಯ ಫೈಲ್ ತೆರೆಯುವ ವಿಷಯಕ್ಕೆ ಬರುತ್ತೇನೆ, ನನಗೆ ಇದೇ ಮುಖ್ಯ. ಚಂದಾ ನಿಲ್ಲಿಸಿದ ಮೇಲೆ ಪ್ರಾಜೆಕ್ಟ್ ತೆರೆದರೆ ಎಲ್ಲ ಜಾಗದಲ್ಲೇ ಇರುತ್ತದೆ, ಮಿಡಿ ಸ್ವರಗಳು (ಯಾವ ಸ್ವರ ಯಾವಾಗ ಅನ್ನುವ ಬರಹ ಮಾತ್ರ, ದನಿ ಅಲ್ಲ) ಓಡುತ್ತಿರುತ್ತವೆ, ಆದರೆ ಆ ಟ್ರ್ಯಾಕ್ ಮಾತ್ರ ಮೌನ. ನಿರ್ದೇಶಕರು ಫೋನ್ ಮಾಡಿ "ಆ ದೃಶ್ಯ ಎಂಟು ಸೆಕೆಂಡ್ ಉದ್ದ ಆಗಿದೆ, ಸಂಗೀತ ಎಳೆದುಕೊಡಿ" ಅಂದಾಗ ಆ ಒಂದು ಪ್ಯಾಡ್‌ಗೋಸ್ಕರ ಮತ್ತೆ ತಿಂಗಳ ದುಡ್ಡು ಕಟ್ಟಬೇಕು. ಕಟ್ಟಬಹುದು, ದೊಡ್ಡ ಮೊತ್ತವಲ್ಲ. ಆದರೆ ಆ ಹೊತ್ತಿಗೆ ಆ ಸಿಂಥ್ ಚಂದಾದಲ್ಲಿ ಇನ್ನೂ ಇರುತ್ತದೆ ಅಂತ ಬರೆದುಕೊಟ್ಟವರು ಯಾರು?

ಅದಕ್ಕೆ ಚಂದಾದ ಸಿಂಥ್ ಬಳಸಿದ ಪ್ರತಿ ಕೆಲಸವನ್ನೂ ಮುಗಿಸುವ ದಿನವೇ ಬೌನ್ಸ್ ಮಾಡುತ್ತೇನೆ, ಅಂದರೆ ಆಡಿಯೋ ಫೈಲ್ ಆಗಿ ತೆಗೆದಿಡುತ್ತೇನೆ. ಸುಮ್ನೆ ಫ್ರೀಜ್ ಮಾಡಿ (ಪ್ರಾಜೆಕ್ಟ್ ಒಳಗೇ ತಾತ್ಕಾಲಿಕ ಆಡಿಯೋ ಮಾಡಿಸಿ) ಬಿಡಬೇಡಿ. ಫ್ರೀಜ್ ಫೈಲ್ ಆ ಪ್ರಾಜೆಕ್ಟ್ ಒಳಗೇ ಸಿಕ್ಕಿಕೊಂಡಿರುತ್ತದೆ, ಬೇರೆ ಸಾಫ್ಟ್‌ವೇರ್‌ಗೆ ಹೋದರೆ ಬರಲ್ಲ. ವೇವ್ ಫೈಲ್ ಆದರೆ ಎಲ್ಲಿ ಬೇಕಾದರೂ ತೆರೆಯುತ್ತದೆ. ನಾನು ಎರಡು ಬೌನ್ಸ್ ಇಡುತ್ತೇನೆ. ಒಂದರಲ್ಲಿ ರಿವರ್ಬ್, ಡಿಲೇ ಥರದ ಪ್ರತಿಧ್ವನಿಯ ಎಫೆಕ್ಟ್‌ಗಳನ್ನು ತೆಗೆದಿರುತ್ತದೆ, ಇನ್ನೊಂದರಲ್ಲಿ ಎಲ್ಲ ಸೇರಿರುತ್ತದೆ. ಜೂನೋದ ಕೋರಸ್ ಮಾತ್ರ ಎರಡರಲ್ಲೂ ಇರುತ್ತದೆ, ಯಾಕಂದರೆ ಅದು ಆ ದನಿಯ ಭಾಗವೇ, ಎಫೆಕ್ಟ್ ಅಂತ ಬಿಡಿಸಿದರೆ ಏನೂ ಉಳಿಯಲ್ಲ. ಕೊನೆಯ ಸ್ವರ ಪೂರ್ತಿ ಆರುವವರೆಗೆ ಬಾಲ ಬಿಡುತ್ತೇನೆ. ಉದ್ದದ ಪ್ಯಾಡ್ ಆದರೆ ಬೇಕಿರುವುದಕ್ಕಿಂತ ಅರ್ಧ ನಿಮಿಷ ಜಾಸ್ತಿ ಹಿಡಿದು ಬೌನ್ಸ್ ಮಾಡಿರುತ್ತೇನೆ, ದೃಶ್ಯ ಉದ್ದ ಆದರೆ ಅಲ್ಲಿಂದ ಕತ್ತರಿಸಿಕೊಳ್ಳಬಹುದು.

ಇನ್ನೊಂದು ಮಾತು, ಇದನ್ನು ಯಾರೂ ಜಾಸ್ತಿ ಹೇಳಲ್ಲ. ಮಿನಿಮೂಗ್, ಪ್ರಾಫೆಟ್‌ಗಳಂಥ ಸಿಂಥ್‌ಗಳ ಒಳ್ಳೆಯ ಸಾಫ್ಟ್‌ವೇರ್ ರೂಪಗಳಲ್ಲಿ ಆಸಿಲೇಟರ್‌ಗಳು ಒಂದಕ್ಕೊಂದು ಕಾಯದೆ ತಮ್ಮ ಪಾಡಿಗೆ ತಾವು ಓಡುತ್ತಿರುತ್ತವೆ, ಅಸಲಿ ಯಂತ್ರದ ಹಾಗೆಯೇ. ಅಂದರೆ ಒಂದೇ ಮಿಡಿಯನ್ನು ಎರಡು ಸಲ ಬೌನ್ಸ್ ಮಾಡಿದರೆ ಎರಡು ಸಲವೂ ದನಿ ತುಸು ಬೇರೆ. ಬೇಸ್‌ನಲ್ಲಿ ಇದು ಚೆನ್ನಾಗಿ ಕೇಳಿಸುತ್ತದೆ, ಒಂದು ಸಲ ಮೊದಲ ಏಟು ಗಟ್ಟಿಯಾಗಿ ಬೀಳುತ್ತದೆ, ಮುಂದಿನ ಸಲ ಅದೇ ಏಟು ಸೊರಗುತ್ತದೆ. ಅದಕ್ಕೆ ಬೇಸ್ ಟ್ರ್ಯಾಕನ್ನು ಹಲವು ಸಲ ಬೌನ್ಸ್ ಮಾಡಿ, ಕೇಳಿ, ಒಳ್ಳೆಯದನ್ನು ಇಟ್ಟುಕೊಳ್ಳಿ.

ಹಾಗಾದರೆ ಸ್ವಂತಕ್ಕೆ ತಗೊಂಡರೆ ಶಾಶ್ವತವಾ? ಅದೂ ಅಲ್ಲ. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಪ್ರೊ-53 ಅಂತ ಪ್ರಾಫೆಟ್-5ರ ಸಾಫ್ಟ್‌ವೇರ್ ರೂಪ ಇತ್ತು, ಒಂದು ಕಾಲಕ್ಕೆ ತುಂಬಾ ಜನ ಬಳಸುತ್ತಿದ್ದರು. ಈಗ ಅದು ಮಾರಾಟದಲ್ಲಿ ಇಲ್ಲ. 2019ರಲ್ಲಿ ಮ್ಯಾಕ್‌ಓಎಸ್ ಕ್ಯಾಟಲೀನಾ ಬಂದಾಗ 32 ಬಿಟ್ ಪ್ರೋಗ್ರಾಂಗಳೇ ಓಡದಂತಾದವು. 2020ರ ಕೊನೆಗೆ ಆ್ಯಪಲ್ ತನ್ನದೇ ಚಿಪ್‌ಗೆ ಹೋಯಿತು. 2022ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತನ್ನ ಸಂಗೀತ ಸಾಫ್ಟ್‌ವೇರ್‌ಗಳಲ್ಲಿ ವಿಎಸ್‌ಟಿ2 ಅನ್ನುವ ಹಳೆಯ ಪ್ಲಗಿನ್ (ಅದರೊಳಗೆ ಓಡುವ ಸಿಂಥ್, ಎಫೆಕ್ಟ್) ಮಾದರಿಗೆ ಬೆಂಬಲ ನಿಲ್ಲಿಸುವುದಾಗಿ ಹೇಳಿತು. ಪ್ರತಿ ಸಲವೂ ಪ್ಲಗಿನ್ ಬರೆದವರು ಕೂತು ಹೊಸದಾಗಿ ಕೆಲಸ ಮಾಡಬೇಕು, ಮಾಡದಿದ್ದರೆ ನೀವು ದುಡ್ಡು ಕೊಟ್ಟ ಸಿಂಥ್ ಹಳೆಯ ಕಂಪ್ಯೂಟರ್ ಜೊತೆಗೇ ಉಳಿದುಹೋಗುತ್ತದೆ.

ಹಾಗಾಗಿ ಖರೀದಿಸುವಾಗ ನಾನು ನೋಡುವುದು ದನಿ ಒಂದನ್ನೇ ಅಲ್ಲ. ಆ ಕಂಪನಿ ಹಳೆಯ ಪ್ಲಗಿನ್‌ಗಳನ್ನು ಹೇಗೆ ನೋಡಿಕೊಂಡು ಬಂದಿದೆ ಅಂತ ನೋಡುತ್ತೇನೆ. ಯು-ಹಿ ಕಂಪನಿಯವರ ದೀವಾ ಸಿಂಥ್ ಬಂದಿದ್ದು 2011ರಲ್ಲಿ, ಇವತ್ತಿಗೂ ಅದನ್ನು ನೋಡಿಕೊಳ್ಳುತ್ತಿದ್ದಾರೆ. ನಾನು ದೀವಾ ತಗೊಂಡಿದ್ದಕ್ಕೆ ಅದರ ಫಿಲ್ಟರ್ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ. ಜೂನೋ-60ಕ್ಕೆ ಟ್ಯಾಲ್ ಕಂಪನಿಯ ಯು-ನೋ-ಎಲ್‌ಎಕ್ಸ್ ತಗೊಂಡೆ. ಎರಡಕ್ಕೂ ಡೆಮೊ ಸಿಗುತ್ತದೆ, ದುಡ್ಡು ಕೊಡುವ ಮುಂಚೆ ನುಡಿಸಿ ನೋಡಬಹುದು. ಡೆಮೊವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ, ನಿಮ್ಮ ದೊಡ್ಡ ಪ್ರಾಜೆಕ್ಟ್ ಒಳಗೇ ಹಾಕಿ ನೋಡಿ. ದೀವಾದ ಅತಿ ಹೆಚ್ಚು ಗುಣಮಟ್ಟದ ಮೋಡ್‌ನಲ್ಲಿ ಆರು ಸ್ವರದ ಪ್ಯಾಡ್ ಹಿಡಿದರೆ ಪ್ರೊಸೆಸರ್ ಏದುಸಿರು ಬಿಡುತ್ತದೆ. ಕೆಲಸ ಮಾಡುವಾಗ ಕೆಳಗಿನ ಮೋಡ್‌ನಲ್ಲಿ ಇಟ್ಟು, ಬೌನ್ಸ್ ಮಾಡುವಾಗ ಮಾತ್ರ ಮೇಲಿನದಕ್ಕೆ ಹೋಗುವುದು ನನ್ನ ಅಭ್ಯಾಸ.

ಎಲ್ಲದಕ್ಕೂ ದುಡ್ಡು ಕೊಡಬೇಕಿಲ್ಲ ಅನ್ನುವುದನ್ನೂ ಹೇಳಬೇಕು. 1983ರ ಯಮಾಹಾ ಡಿಎಕ್ಸ್7 ಡಿಜಿಟಲ್ ಯಂತ್ರ, ಅದರೊಳಗೆ ನಡೆಯುವುದೇ ಲೆಕ್ಕ. ಆ ಲೆಕ್ಕವನ್ನು ಕಂಪ್ಯೂಟರ್ ಮಾಡಬಲ್ಲದು. ಡೆಕ್ಸ್ಡ್ ಅನ್ನುವ ಉಚಿತ ಪ್ಲಗಿನ್ ಡಿಎಕ್ಸ್7ನ ಹಳೆಯ ಪ್ಯಾಚ್ ಫೈಲ್‌ಗಳನ್ನೇ ನೇರವಾಗಿ ತೆಗೆದುಕೊಳ್ಳುತ್ತದೆ. ಅದಿರುವಾಗ ಡಿಎಕ್ಸ್7ಗೋಸ್ಕರ ಚಂದಾ ಕಟ್ಟಲು ನನಗೆ ಕಾರಣ ಕಾಣಲಿಲ್ಲ. ಅನಲಾಗ್ ಯಂತ್ರದ ಮಾತು ಬೇರೆ. ಅದರ ಫಿಲ್ಟರ್ ಅನ್ನು ಅನುಕರಿಸುವುದು ಕಷ್ಟದ ಕೆಲಸ, ರೆಸೊನೆನ್ಸ್ (ಫಿಲ್ಟರ್‌ನ ಅಂಚಿನ ದನಿಯನ್ನು ಎತ್ತುವ ಗುಂಡಿ) ಮೇಲಕ್ಕೆ ಏರಿಸಿ ಕಟ್‌ಆಫ್ (ಎಲ್ಲಿಂದ ಕತ್ತರಿಸಬೇಕು ಅನ್ನುವ ಗುಂಡಿ) ನಿಧಾನವಾಗಿ ತಿರುಗಿಸಿದಾಗ ಒಳ್ಳೆಯದು ಯಾವುದು, ಸಾಧಾರಣದ್ದು ಯಾವುದು ಅಂತ ಗೊತ್ತಾಗಿಬಿಡುತ್ತದೆ. ನಾನು ದುಡ್ಡು ಖರ್ಚು ಮಾಡಿರುವುದು ಅಲ್ಲಿ.

ಲೆಕ್ಕಕ್ಕೆ ಬರೋಣ. ಚಂದಾ ತಿಂಗಳಿಗೆ 20 ಡಾಲರ್, ಒಂದು ಸಿಂಥ್ ಸ್ವಂತಕ್ಕೆ 150 ಡಾಲರ್ ಅಂತ ಇಟ್ಟುಕೊಳ್ಳಿ. ಎಂಟು ತಿಂಗಳ ಬಾಡಿಗೆಗೆ ಒಂದು ಸಿಂಥ್ ಸ್ವಂತ ಆಗುತ್ತದೆ. ಎರಡು ವರ್ಷ ಕಟ್ಟಿದರೆ 480 ಡಾಲರ್, ಅಂದರೆ ಮೂರು ಸಿಂಥ್ ಬರುತ್ತಿತ್ತು. ನಿಮ್ಮ ಹಾಳೆಯಲ್ಲಿ ಮೂರೇ ಹೆಸರು ಇದ್ದರೆ ಉತ್ತರ ಸಿಕ್ಕಿತು. ಹದಿನೈದು ಹೆಸರು ಇದ್ದು, ಎಲ್ಲವೂ ನಿಜವಾಗಿ ಕೆಲಸಕ್ಕೆ ಬರುತ್ತಿವೆ ಅಂದರೆ, ಮತ್ತು ತಿಂಗಳು ತಿಂಗಳು ಸಂಗೀತದಿಂದ ದುಡ್ಡು ಬರುತ್ತಿದ್ದರೆ, ಚಂದಾ ಒಳ್ಳೆಯದೇ. ಸ್ವಂತದ್ದಕ್ಕೂ ಖರ್ಚು ಇದೆ ಅನ್ನುವುದನ್ನು ಸೇರಿಸಿ. ಆರ್ಟೂರಿಯಾದ ವಿ ಕಲೆಕ್ಷನ್ ಥರದ ಹಲವು ಸಿಂಥ್‌ಗಳ ದೊಡ್ಡ ಕಟ್ಟು ತಗೊಂಡರೆ ಮುಂದಿನ ಆವೃತ್ತಿಗೆ ಅಪ್‌ಗ್ರೇಡ್ ದುಡ್ಡು ಬೇರೆ. ಪ್ರತಿ ಸಲ ಕಟ್ಟಬೇಕಂತಿಲ್ಲ, ಆದರೆ ಕಂಪ್ಯೂಟರ್ ಬದಲಾಯಿಸುವ ವರ್ಷ ಕಟ್ಟುವ ಹಾಗೆ ಆಗುತ್ತದೆ.

ಕಂಪನಿಗಳು ಮನಸ್ಸು ಬದಲಾಯಿಸುವುದೂ ಉಂಟು. ರೋಲಂಡ್ ಕ್ಲೌಡ್ ಮೊದಲು ಚಂದಾದ ಮೇಲೇ ನಿಂತಿತ್ತು, 2020ರಲ್ಲಿ ಲೈಫ್‌ಟೈಮ್ ಕೀ ಅಂತ ಒಂದೊಂದೇ ಸಿಂಥ್ ಖರೀದಿಸುವ ದಾರಿ ತೆರೆಯಿತು. ಎಫೆಕ್ಟ್ ಪ್ಲಗಿನ್‌ಗಳಿಗೆ ಹೆಸರಾದ ವೇವ್ಸ್ 2023ರ ಮಾರ್ಚ್‌ನಲ್ಲಿ ಇನ್ನು ಮೇಲೆ ಚಂದಾ ಮಾತ್ರ ಅಂದಿತು, ಬಳಕೆದಾರರು ಎದ್ದು ನಿಂತರು, ಕೆಲವೇ ದಿನಗಳಲ್ಲಿ ಖರೀದಿಯನ್ನು ವಾಪಸ್ ತಂದಿತು. ನಾವು ಒಟ್ಟಿಗೆ ದನಿ ಎತ್ತಿದರೆ ಕೇಳಿಸಿಕೊಳ್ಳುತ್ತಾರೆ ಅನ್ನುವುದು ನನಗೆ ಆಗ ಧೈರ್ಯ ಕೊಟ್ಟಿತು.

ಲೈಸೆನ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ದುಡ್ಡು ಕೊಡುವ ಮುಂಚೆ ಓದಿ. ಕೆಲವಕ್ಕೆ ಒಂದು ಸೀರಿಯಲ್ ನಂಬರ್ ಹಾಕಿದರೆ ಮುಗಿಯಿತು, ಇಂಟರ್ನೆಟ್ ಬೇಡ. ಕೆಲವು ಐಲಾಕ್ ಅನ್ನುವ ಲೈಸೆನ್ಸ್ ವ್ಯವಸ್ಥೆ ಕೇಳುತ್ತವೆ. ಚಂದಾದವು ಆಗಾಗ ಸರ್ವರ್ ಜೊತೆ ಮಾತಾಡಲೇಬೇಕು. ಒಂದು ಕಂಪನಿಯ ಪ್ಲಗಿನ್ ನನಗೆ ವೇದಿಕೆಯ ಮೇಲೆ, ಇಂಟರ್ನೆಟ್ ಇಲ್ಲದ ಜಾಗದಲ್ಲಿ, ಲಾಗಿನ್ ಕೇಳಿ ಕೂತಿತು. ಅವತ್ತಿನ ಲೀಡ್ ಭಾಗಗಳನ್ನೆಲ್ಲ ಸ್ವಂತದ ಸಿಂಥ್‌ನಲ್ಲಿ ನುಡಿಸಿದೆ. ಆಮೇಲಿಂದ ವೇದಿಕೆಗೆ ಚಂದಾದ್ದು ತಗೊಂಡು ಹೋಗುವುದಿಲ್ಲ.

ಬೇರೆಯವರಿಗೆ ಮಾರುವ ಅವಕಾಶ ಇದೆಯಾ ಅಂತಲೂ ನೋಡಿ. ಚಂದಾದಲ್ಲಿ ಮಾರಲು ಏನೂ ಇರುವುದಿಲ್ಲ. ಸ್ವಂತದ್ದರಲ್ಲಿ ಕಂಪನಿ ಒಪ್ಪಿದರೆ ಮಾರಬಹುದು, ಹಾಗೇ ಬೇರೆಯವರಿಂದ ಕಡಿಮೆಗೆ ಕೊಳ್ಳಲೂಬಹುದು. ಐಲಾಕ್‌ನಲ್ಲಾದರೆ ವರ್ಗಾವಣೆಗೆ ಶುಲ್ಕ ಇರುತ್ತದೆ, ಅದನ್ನು ಯಾರು ಕಟ್ಟುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಈಗ ನನ್ನ ಕ್ರಮ ಹೀಗಿದೆ. ದೊಡ್ಡ ಕೆಲಸ ಬಂದು, ನನ್ನಲ್ಲಿಲ್ಲದ ದನಿ ಬೇಕಾದಾಗ ಚಂದಾ ಶುರು ಮಾಡುತ್ತೇನೆ. ಶುರು ಮಾಡಿದ ದಿನವೇ ತಾನಾಗಿ ಮುಂದುವರಿಯುವುದನ್ನು ಆಫ್ ಮಾಡಿ, ಮುಗಿಯುವ ದಿನಕ್ಕೆ ಒಂದು ವಾರ ಮುಂಚೆ ಕ್ಯಾಲೆಂಡರ್‌ನಲ್ಲಿ "ಬೌನ್ಸ್" ಅಂತ ಬರೆದಿಡುತ್ತೇನೆ. ಒಂದೇ ಸಿಂಥ್‌ಗೋಸ್ಕರ ಮತ್ತೆ ಮತ್ತೆ ಚಂದಾ ತೆರೆಯುವ ಹಾಗಾದರೆ ಅದರ ಹೆಸರು ಹಾಳೆಗೆ ಹೋಗುತ್ತದೆ, ನವೆಂಬರ್‌ನ ಬ್ಲ್ಯಾಕ್ ಫ್ರೈಡೇ ರಿಯಾಯಿತಿ ಬಂದಾಗ ತಗೊಳ್ಳುತ್ತೇನೆ. ಸದ್ಯ ಆ ಹಾಳೆಯಲ್ಲಿ ಇರುವುದು ಜುಪಿಟರ್-8 ಒಂದೇ.