‘ರನ್’ ಎಂಬ ಪದವನ್ನು ಕನ್ನಡದ ಕಿವಿಯಿಂದ ಕಲಿಯುವುದು ಹೇಗೆ?

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ, ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ಹುಡುಗ ಹುಡುಗಿಯರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರನ್ನು ಹೆಚ್ಚು ಕಾಡುವುದು ಉದ್ದುದ್ದದ ಕಠಿಣ ಪದಗಳಲ್ಲ. ಕಠಿಣ ಪದಕ್ಕೆ ಒಂದೋ ಎರಡೋ ಅರ್ಥವಿರುತ್ತದೆ, ನಿಘಂಟು ತೆರೆದರೆ ಸಿಕ್ಕುತ್ತದೆ. ಐದನೇ ಇಯತ್ತೆಯಲ್ಲೇ ಕಲಿತು ಮುಗಿಸಿದೆವೆಂದು ನಂಬಿಕೊಂಡ ಸಣ್ಣ ಪದಗಳೇ ಪರೀಕ್ಷೆಯಲ್ಲಿ ಕೈಕೊಡುತ್ತವೆ. ‘ದಿ ರೋಡ್ ರನ್ಸ್ ಥ್ರೂ ಅಣ್ಣಿಗೇರಿ’ ಎಂಬ ವಾಕ್ಯ ಓದಿದ ಒಬ್ಬ ವಿದ್ಯಾರ್ಥಿನಿ, “ರಸ್ತೆ ಹೆಂಗ ಓಡತೈತ್ರಿ ಸರ್?” ಎಂದು ಕೇಳಿದಳು. ಕೇಳಲೇಬೇಕಾದ ಪ್ರಶ್ನೆ ಅದು, ಮತ್ತು ಅದಕ್ಕೆ ‘ಅದು ಹಾಗೆಯೇ, ಬಾಯಿಪಾಠ ಮಾಡಿಕೋ’ ಎಂದು ಉತ್ತರಿಸುವುದು ತಪ್ಪು.

ಬಾಯಿಪಾಠ ಮಾಡಲು ಸಾಧ್ಯವೂ ಇಲ್ಲ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದನೆಯ ವಿವರಣೆ ಪಡೆದ ಪದ ‘ಸೆಟ್’. ಮೂರನೆಯ ಆವೃತ್ತಿಗಾಗಿ ಪರಿಷ್ಕರಣೆ ನಡೆದಾಗ ಆ ಸ್ಥಾನ ‘ರನ್’ಗೆ ಬಂತು. ನಿಘಂಟುಕಾರ ಪೀಟರ್ ಗಿಲಿವರ್ ಸುಮಾರು ಒಂಬತ್ತು ತಿಂಗಳು ಈ ಒಂದೇ ಪದದ ಮೇಲೆ ಕುಳಿತು, ಕ್ರಿಯಾಪದವಾಗಿ ಅದಕ್ಕಿರುವ 645 ಅರ್ಥಗಳನ್ನು ಬೇರ್ಪಡಿಸಿದರು. ಅಷ್ಟನ್ನೂ ನೆನಪಿಟ್ಟುಕೊಂಡು ಮಾತನಾಡುವ ಇಂಗ್ಲಿಷರು ಯಾರೂ ಇಲ್ಲ. ಅವರು ವಾಕ್ಯದ ಉಳಿದ ಪದಗಳನ್ನು ನೋಡಿ ಅರ್ಥ ಹಿಡಿಯುತ್ತಾರೆ, ನಾವು ಕಲಿಯಬೇಕಾದದ್ದೂ ಆ ನೋಟವನ್ನೇ.

ಆ ನೋಟ ನಮಗೆ ಹೊಸದಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ನಮ್ಮ ಭಾಗದ ‘ಹತ್ತು’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ಬಸ್ಸು ಹತ್ತುತ್ತೇವೆ, ಗುಡ್ಡ ಹತ್ತುತ್ತೇವೆ. ಬಣವೆಗೆ ಬೆಂಕಿ ಹತ್ತುತ್ತದೆ, ಮಗುವಿಗೆ ನಿದ್ದೆ ಹತ್ತುತ್ತದೆ, ಅನ್ನ ತಳ ಹತ್ತುತ್ತದೆ, ಊರಿಗೆ ಹೋಗಲು ಎರಡು ತಾಸು ಹತ್ತುತ್ತದೆ. “ಫೋನ್ ಹತ್ತವಲ್ದು” ಎಂದರೆ ಫೋನು ಏನನ್ನೂ ಏರುತ್ತಿಲ್ಲ ಎಂದು ಯಾರೂ ತಿಳಿಯುವುದಿಲ್ಲ. “ಮಾಡಾಕ ಹತ್ಯಾನ” ಎನ್ನುವಾಗಲಂತೂ ಅದು ನಡೆಯುತ್ತಿರುವ ಕೆಲಸವನ್ನು ಸೂಚಿಸುವ ವ್ಯಾಕರಣದ ಗುರುತೇ ಆಗಿಬಿಡುತ್ತದೆ. ಬಸ್ಸು, ಬೆಂಕಿ, ನಿದ್ದೆ, ಫೋನು ಎಂಬ ಪಕ್ಕದ ಪದವೇ ನಮಗೆ ಅರ್ಥವನ್ನು ಹೇಳಿಕೊಟ್ಟಿದೆ. ಪಟ್ಟಿ ಕೊಟ್ಟು ಯಾರೂ ಕಲಿಸಲಿಲ್ಲ.

ಈಗ ‘ರನ್’ಗೆ ಬರೋಣ. ವಾಕ್ಯ ಕಂಡಾಗ ಮಾಡಬೇಕಾದ ಮೊದಲ ಕೆಲಸ, ಕರ್ತೃ ಯಾವುದು ಎಂದು ಕೇಳಿಕೊಳ್ಳುವುದು. ಮನುಷ್ಯನೋ ಪ್ರಾಣಿಯೋ ಆಗಿದ್ದು ಮುಂದೆ ಬೇರೆ ಪದವಿಲ್ಲದಿದ್ದರೆ ‘ಓಡು’ ಸರಿ. ನೀರಾದರೆ ‘ಹರಿ’: ವರದಾ ನದಿ ಹಾವೇರಿ ಜಿಲ್ಲೆಯಲ್ಲಿ ಹರಿದು ತುಂಗಭದ್ರೆಯನ್ನು ಸೇರುತ್ತದೆ ಎಂಬಲ್ಲಿ ಇಂಗ್ಲಿಷಿನವರು ‘ರನ್ಸ್’ ಎನ್ನಬಹುದು. ನಿಘಂಟಿನಲ್ಲಿ ಇದನ್ನು ‘ಓಡು’ವಿನಿಂದ ಎರವಲು ಬಂದ ಅರ್ಥವೆಂದು ಭಾವಿಸುವವರುಂಟು, ಆದರೆ ಹಳೆಯ ಇಂಗ್ಲಿಷಿನಲ್ಲಿಯೇ ಈ ಪದ ದ್ರವ ಹರಿಯುವುದಕ್ಕೂ ಬಳಕೆಯಲ್ಲಿತ್ತು, ಅದರ ಸೋದರ ಭಾಷೆಯಾದ ಜರ್ಮನ್ನಿನಲ್ಲಿ ಓಡುವುದಕ್ಕೆ ‘ರೆನ್ನೆನ್’, ಹರಿಯುವುದಕ್ಕೆ ‘ರಿನ್ನೆನ್’ ಎಂಬ ಎರಡು ಪದಗಳು ಇಂದಿಗೂ ಅಕ್ಕಪಕ್ಕ ಇವೆ. ನಮ್ಮ ಹಳಗನ್ನಡದ ‘ಪರಿ’ ಎಂಬ ಧಾತುವಿಗೂ ಓಡು, ಹರಿ ಎಂಬ ಎರಡೂ ಅರ್ಥಗಳಿದ್ದವು, ಈಗಿನ ‘ಹರಿ’ ಅದರಿಂದಲೇ ಬಂದದ್ದು. ಪಾಠ ಮಾಡುವಾಗ ಇದನ್ನು ಹೇಳಿದರೆ ಮಕ್ಕಳ ಮುಖದಲ್ಲಿ ಕಾಣುವ ನಿರಾಳತೆಗಾಗಿಯೇ ನಾನು ಈ ಮಾತನ್ನು ಪ್ರತಿ ವರ್ಷವೂ ಹೇಳುತ್ತೇನೆ.

ಕರ್ತೃ ಬದಲಾದಂತೆ ಕನ್ನಡದ ಕ್ರಿಯಾಪದವೂ ಬದಲಾಗುತ್ತದೆ. ಮೂಗು ಸೋರುತ್ತದೆ, ಹೊಸ ಸೀರೆ ಒಗೆದಾಗ ಬಣ್ಣ ಬಿಡುತ್ತದೆ, ಬೆಟಗೇರಿಯ ಮಗ್ಗ ನಡೆಯುತ್ತದೆ, ಬಾವಿ ಬತ್ತುತ್ತದೆ, ರಸ್ತೆ ಹಾದು ಹೋಗುತ್ತದೆ. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ‘ರನ್’ ಸಲ್ಲುತ್ತದೆ, ಬಾವಿಗೆ ಮಾತ್ರ ‘ರನ್ ಡ್ರೈ’ ಎಂದು ಒಂದು ಪದ ಕೂಡಿಸಬೇಕು. ಚಿಗರಿ ಬಸ್ಸು ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ‘ರನ್’ ಆಗುತ್ತದೆ ಎಂಬಲ್ಲಿ ‘ಓಡುತ್ತದೆ’ಗಿಂತ ‘ಓಡಾಡುತ್ತದೆ’ ಎಂಬುದು ನಿಖರ, ಏಕೆಂದರೆ ಅಲ್ಲಿ ಹೇಳುತ್ತಿರುವುದು ವೇಗವನ್ನಲ್ಲ, ದಿನನಿತ್ಯದ ಸಂಚಾರವನ್ನು. ಸಿನಿಮಾ ನೂರು ದಿನ ಓಡಿತು ಎಂಬಲ್ಲಿ ಎರಡೂ ಭಾಷೆಗಳು ಒಂದೇ ದಾರಿ ಹಿಡಿದಿವೆ.

ಎರಡನೆಯ ಕೆಲಸ, ಕರ್ಮಪದ ಇದೆಯೇ ಎಂದು ನೋಡುವುದು. ಕನ್ನಡದಲ್ಲಿ ತಾನಾಗಿ ಆಗುವುದಕ್ಕೂ ಇನ್ನೊಬ್ಬರು ಮಾಡಿಸುವುದಕ್ಕೂ ರೂಪ ಬೇರೆ: ನಡೆ, ನಡೆಸು; ಓಡು, ಓಡಿಸು; ಹರಿ, ಹರಿಸು. ನಮ್ಮ ‘ಹತ್ತು’ವಿಗೆ ‘ಹಚ್ಚು’ ಎಂಬ ಜೋಡಿ ಇದೆ. ದೀಪ ಹತ್ತುತ್ತದೆ, ದೀಪ ಹಚ್ಚುತ್ತೇವೆ. ಫೋನ್ ಹಚ್ಚುತ್ತೇವೆ, ಅದು ಹತ್ತುತ್ತದೆ. ಇಂಗ್ಲಿಷಿನಲ್ಲಿ ಎರಡೂ ಕಡೆ ‘ರನ್’ ಒಂದೇ. ‘ದಿ ಶಾಪ್ ರನ್ಸ್ ವೆಲ್’ ಎಂದರೆ ಅಂಗಡಿ ಚೆನ್ನಾಗಿ ನಡೆಯುತ್ತದೆ, ‘ಶಿ ರನ್ಸ್ ಎ ಖಾನಾವಳಿ’ ಎಂದರೆ ಅವಳು ಖಾನಾವಳಿ ನಡೆಸುತ್ತಾಳೆ. ಆದ್ದರಿಂದ ‘ರನ್’ ಆದ ಮೇಲೆ ನೇರವಾಗಿ ನಾಮಪದ ಬಂದರೆ ‘–ಇಸು’ ಇರುವ ಕನ್ನಡ ರೂಪವನ್ನು ಮೊದಲು ಹಚ್ಚಿ ನೋಡಿ, ಬಹುಪಾಲು ಸಲ ಅದು ಕೂಡುತ್ತದೆ. ‘ರನ್ ಎ ಫೀವರ್’ ಕೂಡುವುದಿಲ್ಲ. ಜ್ವರವನ್ನು ಯಾರೂ ನಡೆಸುವುದಿಲ್ಲ, ನಮ್ಮಲ್ಲಿ “ಜ್ವರ ಬಂದಾವ”. ‘ರನ್ ಎ ರಿಸ್ಕ್’ ಕೂಡ ಹಾಗೆಯೇ, ಅಪಾಯಕ್ಕೆ ಒಡ್ಡಿಕೊಳ್ಳುವುದು.

ಇಲ್ಲಿ ಕಾಲದ ರೂಪದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ರಸ್ತೆಗೆ ‘ಈಸ್ ರನ್ನಿಂಗ್’ ಹಾಕಬಾರದು. ಅಣ್ಣಿಗೇರಿಯ ಮೂಲಕ ಹೋಗುವ ಹುಬ್ಬಳ್ಳಿ–ಗದಗ ರಸ್ತೆ ಇಂದು ಹೋಗುತ್ತಿದ್ದು ನಾಳೆ ನಿಲ್ಲುವಂಥದ್ದಲ್ಲ, ಆದ್ದರಿಂದ ಅಲ್ಲಿ ‘ರನ್ಸ್’ ಎಂದೇ ಬರೆಯಬೇಕು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಮೇಲೆ ನಿಂತಾಗ ಕೇಳಿಬರುವ ‘ಈಸ್ ರನ್ನಿಂಗ್ ಲೇಟ್’ ಎಂಬ ಪ್ರಕಟಣೆ ಮಾತ್ರ ಸರಿ, ಏಕೆಂದರೆ ಅದು ಆ ದಿನದ ಆ ಗಾಡಿಯ ಸ್ಥಿತಿ. ಭೂತಕಾಲದಲ್ಲಿ ‘ರ‍್ಯಾನ್’, ‘ಹ್ಯಾವ್’ ಅಥವಾ ‘ಹ್ಯಾಸ್’ ಜೊತೆಗೆ ಮತ್ತೆ ‘ರನ್’. ‘ಹ್ಯಾವ್ ರ‍್ಯಾನ್’ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ಮೂರನೆಯದಾಗಿ, ಬೆನ್ನಿಗೆ ಬರುವ ಪುಟ್ಟ ಪದವನ್ನು ಬಿಡದೆ ಓದಬೇಕು. ಪೆಟ್ರೋಲ್ ತೀರಿತು ಎನ್ನಲು ಇಂಗ್ಲಿಷಿನಲ್ಲಿ ಎರಡು ದಾರಿಗಳಿವೆ. ಪೆಟ್ರೋಲೇ ಕರ್ತೃವಾದರೆ ‘ದಿ ಪೆಟ್ರೋಲ್ ರ‍್ಯಾನ್ ಔಟ್’, ನಾವು ಕರ್ತೃವಾದರೆ ‘ವಿ ರ‍್ಯಾನ್ ಔಟ್ ಆಫ್ ಪೆಟ್ರೋಲ್’. ಕನ್ನಡದಲ್ಲಿ ತೀರುವುದು ಪೆಟ್ರೋಲು, ನಾವಲ್ಲ. ಹಾಗಾಗಿ ಎರಡನೆಯ ರಚನೆ ನಮಗೆ ಸಹಜವಾಗಿ ಬರುವುದಿಲ್ಲ, ಬಂದರೂ ‘ಆಫ್’ ಉದುರಿಹೋಗುತ್ತದೆ. ಇದೊಂದನ್ನು ಹತ್ತು ಬೇರೆ ಬೇರೆ ವಸ್ತುಗಳನ್ನಿಟ್ಟು ಬರೆದು ರೂಢಿಸಿಕೊಳ್ಳಿ: ಹಾಲು, ಸಕ್ಕರೆ, ರೊಕ್ಕ, ಸಮಯ, ತಾಳ್ಮೆ. ‘ರನ್ ಇಂಟು’ ಬಂದಾಗ ಮುಂದಿನ ನಾಮಪದವೇ ನಿರ್ಧಾರ ಕೊಡುತ್ತದೆ: ಗೆಳೆಯನಾದರೆ ಅಚಾನಕ್ ಭೇಟಿ, ಕಂಬವಾದರೆ ಡಿಕ್ಕಿ, ಲಕ್ಷಗಳಾದರೆ ಖರ್ಚು ಅಷ್ಟಕ್ಕೆ ಮುಟ್ಟಿತು ಎಂದು. ‘ರನ್ ಓವರ್’ ವಾಹನದ ಸುದ್ದಿಯಲ್ಲಿ ಮೈಮೇಲೆ ಹಾಯುವುದು, ಸಭೆಯ ಸುದ್ದಿಯಲ್ಲಿ ಗೊತ್ತಾದ ವೇಳೆ ಮೀರುವುದು. ‘ರನ್ ಡೌನ್’ ಬ್ಯಾಟರಿಗೆ ಚಾರ್ಜ್ ಇಳಿಯುವುದು, ಕಟ್ಟಡಕ್ಕೆ ಹಾಳುಬಿದ್ದದ್ದು, ವ್ಯಕ್ತಿಗೆ ಹೀಯಾಳಿಸುವುದು. ಚುನಾವಣೆಗೆ ಸ್ಪರ್ಧಿಸುವುದನ್ನು ಅಮೆರಿಕದವರು ‘ರನ್ ಫಾರ್’ ಎಂದರೆ ಬ್ರಿಟಿಷರು ‘ಸ್ಟ್ಯಾಂಡ್ ಫಾರ್’ ಎನ್ನುತ್ತಾರೆ: ಒಬ್ಬರು ಓಡುತ್ತಾರೆ, ಇನ್ನೊಬ್ಬರು ನಮ್ಮಂತೆ ಚುನಾವಣೆಗೆ ನಿಲ್ಲುತ್ತಾರೆ.

ನಾಮಪದವಾಗಿ ಬಂದಾಗಿನ ಕಷ್ಟ ಕಡಿಮೆ. ಕ್ರಿಕೆಟ್ಟಿನ ರನ್ ಎಲ್ಲರಿಗೂ ಗೊತ್ತು. ‘ಇನ್ ದಿ ಲಾಂಗ್ ರನ್’ ಎಂದರೆ ಕಾಲ ಕಳೆದಂತೆ, ‘ಡ್ರೈ ರನ್’ ಎಂದರೆ ಪೂರ್ವಾಭ್ಯಾಸ, ಬ್ಯಾಂಕಿನ ಮೇಲಿನ ‘ರನ್’ ಎಂದರೆ ಠೇವಣಿದಾರರೆಲ್ಲ ಏಕಕಾಲಕ್ಕೆ ಹಣ ತೆಗೆಯಲು ಮುಗಿಬೀಳುವುದು. ‘ತ್ರೀ ಡೇಸ್ ರನ್ನಿಂಗ್’ ಎಂಬಲ್ಲಿ ಓಟದ ಸುಳಿವೂ ಇಲ್ಲ, ಸತತ ಮೂರು ದಿನ ಎಂದಷ್ಟೇ.

ಕೊನೆಯ ಕೆಲಸ ನೋಟ್‌ಬುಕ್ಕಿನದು. ಅದರಲ್ಲಿ ‘ರನ್’ ಎಂದು ತಲೆಬರಹ ಬರೆದು ಅರ್ಥಗಳ ಪಟ್ಟಿ ಹಾಕಬೇಡಿ. ಓಡು, ಹರಿ, ನಡೆ, ನಡೆಸು, ಸೋರು, ತೀರು, ಮೀರು ಎಂದು ಒಂದೊಂದು ಕನ್ನಡ ಕ್ರಿಯಾಪದಕ್ಕೆ ಒಂದೊಂದು ಪುಟ ಕೊಟ್ಟು, ಓದುವಾಗ ಸಿಕ್ಕ ಇಂಗ್ಲಿಷ್ ವಾಕ್ಯವನ್ನು ಪೂರ್ತಿಯಾಗಿ ಆ ಪುಟದಲ್ಲಿ ಇಳಿಸಿ, ಅದರ ಕೆಳಗೆ ನಿಮ್ಮ ಮನೆ, ಹೊಲ, ಸಂತೆಯ ವಿಷಯವಿಟ್ಟು ಅದೇ ಅಚ್ಚಿನ ಇನ್ನೊಂದು ವಾಕ್ಯ ಬರೆಯಿರಿ. ಯಾವ ಪುಟಕ್ಕೂ ಹೊಂದದ ವಾಕ್ಯ ಸಿಕ್ಕರೆ ಒತ್ತಾಯದಿಂದ ‘ಓಡು’ ಪುಟಕ್ಕೆ ತುರುಕದೆ ಹಿಂಬದಿಯ ಹಾಳೆಯಲ್ಲಿ ಬರೆದಿಡಿ, ಮನೆಯಲ್ಲಿ ಅವ್ವನಿಗೋ ಅಜ್ಜಿಗೋ ಆ ಸಂದರ್ಭವನ್ನು ವಿವರಿಸಿ, “ಇದಕ್ಕ ನಾವು ಏನಂತೀವಿ?” ಎಂದು ಕೇಳಿ, ಅವರು ಹೇಳಿದ ಕ್ರಿಯಾಪದಕ್ಕೆ ಹೊಸ ಪುಟ ತೆರೆಯಿರಿ.