ಅಪಧಮನಿ ಕಾಯಿಲೆ ಇರುವವರು ವಿಟಮಿನ್ ಡಿ ಮತ್ತು ಸಿಆರ್‌ಪಿ ವರದಿಗಳನ್ನು ಒಟ್ಟಿಗೆ ಓದುವ ಬಗೆ

ಅಥೆರೊಸ್ಕ್ಲೆರೋಸಿಸ್, ಅಂದರೆ ರಕ್ತ ಒಯ್ಯುವ ಅಪಧಮನಿಗಳ ಗೋಡೆ ದಪ್ಪಗಾಗುವುದು, ಬರೀ ಕೊಬ್ಬು ಕಟ್ಟಿಕೊಳ್ಳುವ ಕಾಯಿಲೆಯಲ್ಲ. ಅಪಧಮನಿಯ ಗೋಡೆಯೊಳಗೆ ಸೇರಿದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಕಣಗಳನ್ನು ನುಂಗಲು ಬಂದ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಅಲ್ಲೇ ಸಿಲುಕಿ, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾ ಮುಂತಾದ ಉರಿಯೂತದ ಸಂಕೇತ ವಸ್ತುಗಳನ್ನು ಸ್ರವಿಸುತ್ತ ಉರಿಯೂತವನ್ನು ವರ್ಷಗಟ್ಟಲೆ ಆರದಂತೆ ಇಡುತ್ತವೆ. ಈ ಕೋಶಗಳಲ್ಲಿ ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ (ರಿಸೆಪ್ಟರ್). ಪ್ರಯೋಗಾಲಯದಲ್ಲಿ ಆ ವಿಟಮಿನ್ ಸೋಕಿಸಿದಾಗ ಸ್ರಾವ ತಗ್ಗುವುದೂ ಕಂಡಿದೆ. ವಿಟಮಿನ್ ಡಿ ಗುಳಿಗೆಯ ಮೇಲೆ ಆಸೆ ಹುಟ್ಟುವುದು ಇಲ್ಲಿಂದಲೇ.

ಮೊದಲು ಸರಿಯಾದ ಪರೀಕ್ಷೆ ಮಾಡಿಸಿಕೊಳ್ಳಿ. ವಿಟಮಿನ್ ಡಿ ಸಂಗ್ರಹವನ್ನು ತಿಳಿಸುವುದು 25-ಹೈಡ್ರಾಕ್ಸಿ ವಿಟಮಿನ್ ಡಿ ಪರೀಕ್ಷೆ. ದೇಹ ಬಳಸುವ 1,25-ಡೈಹೈಡ್ರಾಕ್ಸಿ ರೂಪದ ಮಟ್ಟವು ಕೊರತೆಯಿದ್ದಾಗಲೂ ಸಹಜವಾಗಿಯೇ ಕಾಣಬಹುದು. ಉರಿಯೂತವನ್ನು ಅಳೆಯಲು ಹೈ ಸೆನ್ಸಿಟಿವಿಟಿ ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನಿನ ಸೂಕ್ಷ್ಮ ಪರೀಕ್ಷೆ) ಸಾಕು. ಜ್ವರ, ನೆಗಡಿ, ಹಲ್ಲಿನ ಸೋಂಕು ಅಥವಾ ಗಾಯ ಇರುವಾಗ ರಕ್ತ ಕೊಡಬೇಡಿ. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಬೇರೆ ಕಾರಣ ಹುಡುಕಿ, ಎರಡು ವಾರ ಕಳೆದ ಮೇಲೆ ಮತ್ತೆ ನೋಡುವುದು ಕ್ರಮ.

ವರದಿಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 14 ನ್ಯಾನೊಗ್ರಾಂ, ಸಿಆರ್‌ಪಿ 4.2 ಎಂದಿದೆ ಎಂದುಕೊಳ್ಳಿ. ಮೊದಲನೆಯದು 20ಕ್ಕಿಂತ ಕಡಿಮೆ, ಆದ್ದರಿಂದ ಕೊರತೆ. ಎರಡನೆಯದು 3ಕ್ಕಿಂತ ಹೆಚ್ಚು, ಆದ್ದರಿಂದ ಹೃದಯದ ಅಪಾಯ ಹೆಚ್ಚಿರುವವರ ಗುಂಪು. ಇಷ್ಟಕ್ಕೇ ಮೊದಲನೆಯದರಿಂದ ಎರಡನೆಯದು ಬಂತೆಂದು ತೀರ್ಮಾನಿಸುವುದು ತಪ್ಪು. ಉರಿಯೂತವೇ ರಕ್ತದಲ್ಲಿನ ವಿಟಮಿನ್ ಡಿ ಮಟ್ಟವನ್ನು ಇಳಿಸುತ್ತದೆ, ಬೊಜ್ಜು ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುತ್ತದೆ, ಅಲ್ಲದೆ ಕಾಯಿಲೆಯಿಂದ ಮನೆಯೊಳಗೇ ಇರುವವರಿಗೆ ಬಿಸಿಲೂ ಕಡಿಮೆ.

ನನ್ನ ಮಟ್ಟಿಗೆ ಈ ವಿಷಯದ ತಿರುಳು ಎರಡು ಪ್ರಯೋಗಗಳಲ್ಲಿದೆ. 25,871 ಮಂದಿ ಪಾಲ್ಗೊಂಡ ವೈಟಲ್ ಪ್ರಯೋಗದಲ್ಲಿ ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ ಸೇವನೆಯಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅವರು ಹೃದ್ರೋಗ ಇಲ್ಲದೆ ಪ್ರಯೋಗಕ್ಕೆ ಸೇರಿದವರು, ಹೆಚ್ಚಿನವರಿಗೆ ಕೊರತೆಯೂ ಇರಲಿಲ್ಲ ಎಂಬುದನ್ನು ಮರೆಯಬಾರದು. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಾದರೋ, ಹಿಂದೆ ಹೃದಯಾಘಾತವಾಗಿ ಸಿಆರ್‌ಪಿ 2 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ವಸ್ತುವನ್ನು ತಡೆಯುವ ಔಷಧ ಕೊಟ್ಟಾಗ, ಎಲ್‌ಡಿಎಲ್ ಇಳಿಯದೆಯೂ ಮರು ಆಘಾತಗಳು ತಗ್ಗಿದವು. ಉರಿಯೂತ ನಿಜವಾದ ಗುರಿಯೇ ಹೌದು; ವಿಟಮಿನ್ ಡಿ ಅದನ್ನು ಮುಟ್ಟುವ ಸಾಬೀತಾದ ದಾರಿಯಲ್ಲ.

ಆದರೂ ಕೊರತೆಯನ್ನು ಮೂಳೆ, ಸ್ನಾಯುಗಳ ಸಲುವಾಗಿ ಸರಿಪಡಿಸಲೇಬೇಕು. ಪ್ರಮಾಣವನ್ನು ವೈದ್ಯರು ನಿರ್ಧರಿಸಲಿ, ಸುಮಾರು ಮೂರು ತಿಂಗಳ ನಂತರ ಮರುಪರೀಕ್ಷೆ ಆಗಲಿ. ರಕ್ತದೊತ್ತಡಕ್ಕೆ ಥಯಜೈಡ್ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು: ವಿಟಮಿನ್ ಡಿ ರಕ್ತದ ಕ್ಯಾಲ್ಸಿಯಂ ಏರಿಸಬಲ್ಲದು, ಥಯಜೈಡ್ ಜೊತೆ ಅದು ಇನ್ನಷ್ಟು ಏರಬಹುದು, ಏರಿದ ಕ್ಯಾಲ್ಸಿಯಂ ಡಿಗಾಕ್ಸಿನ್‌ನ ಅಪಾಯವನ್ನು ಹೆಚ್ಚಿಸುತ್ತದೆ. ಅತಿಯಾದ ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಮಂಕುತನ ಕಂಡರೆ ವಿಟಮಿನ್ ಡಿ ಗುಳಿಗೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಿ. ಸ್ಟ್ಯಾಟಿನ್ ಎಲ್‌ಡಿಎಲ್ ಜೊತೆಗೆ ಸಿಆರ್‌ಪಿಯನ್ನೂ ಇಳಿಸುವ ಔಷಧವಾದ್ದರಿಂದ, ವಿಟಮಿನ್ ಡಿ ಮಟ್ಟ ಸರಿಹೋಯಿತೆಂದು ಅದನ್ನು ಒಂದು ದಿನವೂ ಬಿಡಬೇಡಿ.